ಕುಬಸದ ದಿನದ ಫೋಟೋ

ಭಾಗ್ಯಾಳನ್ನು ಒಂಟಿಕಾಲಿನ ಮೇಲೆ ನಿಲ್ಲಿಸಿದವಳು ನಾನು. ಅವಳು ತಾನಾಗಿ ನಿಲ್ಲಲಿಲ್ಲ, ನಾನು ಬೇಡ ಎನ್ನಲೂ ಇಲ್ಲ — ಆದರೆ ಆವತ್ತು ಆಸ್ಪತ್ರೆಯ ಬೆಂಚಿನ ಮೇಲೆ ಕುಳಿತು ಅವಳ ಅತ್ತೆಗೆ ನಾನು ಹೇಳಿದ್ದು ಇದಕ್ಕೆ ಪೂರಾ ತಿರುಗುಮುರುಗು. ಏಳು ತಿಂಗಳ ಗರ್ಭಿಣಿಯ ಮೇಲೆ ನನ್ನ ತಪ್ಪನ್ನು ಹೊರಿಸಿ, ಬಸ್ಸು ಹತ್ತಿ ಮನೆಗೆ ಬಂದೆ. ಬಂದು ಊಟವನ್ನೂ ಮಾಡಿದೆ.

ಆರು ವರ್ಷವಾಯಿತು. ಬರೆಯಲು ಕುಳಿತರೆ ಅಳು ಬರುವುದಿಲ್ಲ, ದಣಿವು ಬರುತ್ತದೆ. ಒಂದು ಮಾತನ್ನು ಮುಚ್ಚಿಡಲು ದಿನಾ ಎಷ್ಟು ಸಣ್ಣ ಸಣ್ಣ ಕೆಲಸ ಮಾಡಬೇಕಾಗುತ್ತದೆ — ಯಾರ ಮನೆಯ ಮುಂದೆ ಹೋಗಬಾರದು, ಯಾರು ಎದುರಾದರೆ ಯಾವ ಓಣಿ ಹಿಡಿಯಬೇಕು — ಅದೆಲ್ಲ ಮಾಡಿದವರಿಗೇ ಗೊತ್ತು. ನನಗೀಗ ಐವತ್ತರ ಮೇಲೆ. ಇನ್ನು ಆಗುವುದಿಲ್ಲ.

ನಾನು ರಾಣೆಬೆನ್ನೂರಿನವಳು, ಗಂಡನದು ಬೀಜದ ಅಂಗಡಿ. ಮಕ್ಕಳು ಕಾಲೇಜಿಗೆ ಹತ್ತಿದ ಮೇಲೆ ನನಗೆ ಯೋಗದ ಹುಚ್ಚು ಹಿಡಿಯಿತು. ಹತ್ತು ದಿನದ ಶಿಬಿರಕ್ಕೆ ಹೋಗಿ ಬಂದೆ, ಒಂದು ಪ್ರಮಾಣಪತ್ರ ಕೊಟ್ಟರು, ಅದಕ್ಕೆ ಕಟ್ಟು ಹಾಕಿಸಿ ಪಡಸಾಲೆಯಲ್ಲಿ ತೂಗುಹಾಕಿದೆ. ಅಲ್ಲಿಂದ ನಾನು ಎಲ್ಲರಿಗೂ ಟೀಚರ್. ವಾರಕ್ಕೆ ಮೂರು ಮುಂಜಾನೆ ಬಸ್ಸಿನಲ್ಲಿ ಬ್ಯಾಡಗಿಗೆ ಹೋಗಿ ಹೆಂಗಸರಿಗೆ ಆಸನ ಹೇಳಿಕೊಡುತ್ತಿದ್ದೆ. ಮೆಣಸಿನಕಾಯಿಯ ಸುಗ್ಗಿಯಲ್ಲಿ ಪ್ರಾಣಾಯಾಮಕ್ಕೆ ಕಣ್ಣು ಮುಚ್ಚಿ ಕುಳಿತರೆ ಘಾಟಿಗೆ ಒಬ್ಬಳು ಸೀನುತ್ತಿದ್ದಳು, ಹಿಂದೆಯೇ ಇಡೀ ತರಗತಿ ಸೀನುತ್ತಿತ್ತು. ನಕ್ಕೂ ನಕ್ಕೂ ಹೊಟ್ಟೆ ನೋಯಿಸಿಕೊಂಡು ಮನೆಗೆ ಹೋಗುತ್ತಿದ್ದೆವು. ಒಳ್ಳೆಯ ದಿನಗಳು ಅವು, ಅದರ ಬಗ್ಗೆ ಸುಳ್ಳು ಹೇಳಲಾರೆ.

ಭಾಗ್ಯಾ ಅಗಡಿಯ ಹುಡುಗಿ, ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರಸ್ಥರ ಮನೆಯ ಸೊಸೆ. ಚೊಚ್ಚಲ ಬಸುರಿ. ಸೊಂಟ ನೋವೆಂದು ಹಾವೇರಿಯ ಡಾಕ್ಟರಮ್ಮನನ್ನು ಕೇಳಿದಾಗ, ಹಗುರಾದ ಯೋಗ ಮಾಡಬಹುದು ಎಂದರಂತೆ. ಅತ್ತೆ ನೀಲವ್ವನವರಿಗೆ ಮನಸ್ಸಿರಲಿಲ್ಲ. ಆದರೂ ಡಾಕ್ಟರು ಹೇಳಿದ ಮೇಲೆ ಆಯಿತು ಎಂದು ಕಳಿಸಿದರು. ಮೊದಲ ದಿನವೇ ಹುಡುಗಿ ಡಾಕ್ಟರಮ್ಮ ಹೇಳಿದ್ದನ್ನೆಲ್ಲ ನನ್ನ ಮುಂದೆ ಪಾಠ ಒಪ್ಪಿಸಿದಂತೆ ಒಪ್ಪಿಸಿದಳು. ಬೆನ್ನ ಮೇಲೆ ಬಹಳ ಹೊತ್ತು ಮಲಗಬಾರದು, ಎಡಕ್ಕೆ ಮಗ್ಗುಲಾಗಬೇಕು. ಉಸಿರು ಬಿಗಿ ಹಿಡಿಯಬಾರದು. ಹೊಟ್ಟೆ ಬೆಳೆದಂತೆ ಮೈಯ ತೂಕ ಮುಂದಕ್ಕೆ ಬರುತ್ತದೆ, ಅದಕ್ಕೆ ನಿಂತು ಮಾಡುವುದನ್ನೆಲ್ಲ ಗೋಡೆ ಹಿಡಿದೇ ಮಾಡಬೇಕು.

ಎಲ್ಲರ ಮುಂದೆ ನಾನು ನಕ್ಕುಬಿಟ್ಟೆ. ಡಾಕ್ಟರಿಗೆ ಸೂಜಿ-ಗುಳಿಗೆ ಗೊತ್ತು, ಯೋಗ ನನಗೆ ಬಿಡು ಎಂದೆ. ಬಸುರಿಯರಿಗೆ ಹೇಗೆ ಹೇಳಿಕೊಡಬೇಕೆಂದು ಆ ಹತ್ತು ದಿನದಲ್ಲಿ ಯಾರೂ ಒಂದು ಮಾತು ಕಲಿಸಿರಲಿಲ್ಲ. ನನಗೆ ಗೊತ್ತಿದ್ದದ್ದು ಮೊಬೈಲಿನಲ್ಲಿ ನೋಡಿದ್ದಷ್ಟೇ. ಗೊತ್ತಿಲ್ಲ ಎನ್ನಲು ನಾಲಿಗೆ ಏಳಲಿಲ್ಲ — ಟೀಚರ್ ಎನ್ನಿಸಿಕೊಂಡವಳು ಗೊತ್ತಿಲ್ಲ ಎಂದರೆ ಹೇಗೆ...

ಏಳನೇ ತಿಂಗಳಲ್ಲಿ ಅವಳ ಮನೆಯಲ್ಲಿ ಕುಬಸ, ಅದೇ ಸೀಮಂತ, ಆಯಿತು. ಮರುದಿನ ನಮ್ಮ ತರಗತಿಯ ಹೆಂಗಸರು ತಾವೂ ತರಗತಿಯಲ್ಲೇ ಒಂದು ಕುಬಸ ಮಾಡುತ್ತೇವೆಂದು ಹೊರಟರು. ಒಬ್ಬಳು ಹೋಳಿಗೆ ತಂದಳು, ಒಬ್ಬಳು ಸಜ್ಜೆ ರೊಟ್ಟಿ, ಎಣ್ಣೆಗಾಯಿ. ಮುಮ್ತಾಜ್ ತನ್ನ ಅಂಗಡಿಯಿಂದ ಹಸಿರು ಬಳೆಯ ಕಟ್ಟು ತಂದು ಭಾಗ್ಯಾಳ ಎರಡೂ ಕೈಗೆ ತಾನೇ ಏರಿಸಿದಳು. ಹಸಿರು ಸೀರೆ, ಮುಡಿ ತುಂಬ ಹೂವು, ಉಡಿ ತುಂಬಿಸಿಕೊಂಡು ಕುಳಿತ ಆ ಹುಡುಗಿ — ನೋಡಿದರೆ ದೃಷ್ಟಿ ತಾಗುವಂತಿದ್ದಳು. ಎಲ್ಲರೂ ಹೊಟ್ಟೆ ತುಂಬ ಉಂಡೆವು.

ಆಗ ನನಗೆ ಫ್ಲೆಕ್ಸಿನ ಯೋಚನೆ ಬಂತು. ರಾಣೆಬೆನ್ನೂರಿನಲ್ಲಿ ಬಸುರಿಯರಿಗೆಂದೇ ಹೊಸ ತರಗತಿ ತೆರೆಯುವ ಆಸೆಯಿತ್ತು, ಅದಕ್ಕೊಂದು ಚಿತ್ರ ಬೇಕಿತ್ತು. ಹಸಿರು ಸೀರೆ, ಹಸಿರು ಬಳೆ, ಒಂಟಿಕಾಲಿನ ವೃಕ್ಷಾಸನ. ಅವಳನ್ನು ಎಬ್ಬಿಸಿದೆ. ಅವಳು ಸೀರೆಯ ನಿರಿಗೆ ನೋಡಿಕೊಂಡಳು.

"ಟೀಚರ್, ಈಗಷ್ಟ ಉಂಡೇನ್ರಿ. ಸೀರಿನೂ ಜಾರಾಕತ್ತೈತಿ. ಗ್ವಾಡಿ ಹಿಡಕೊಂಡು ನಿಂದ್ರಲೇನ್ರಿ?"

"ಗ್ವಾಡಿ ಹಿಡಕೊಂಡ್ರ ಫೋಟೋ ಚೊಲೋ ಬರಂಗಿಲ್ಲ ತಂಗಿ. ಒಂದ ನಿಮಿಷ."

ಈ ಮಾತು ನನ್ನದು. ಒಂದಕ್ಷರವೂ ಹೆಚ್ಚು ಕಡಿಮೆ ಇಲ್ಲ.

ಮೊದಲ ಫೋಟೋ ಚೆನ್ನಾಗಿಯೇ ಬಂತು, ಅವಳು ನಗುತ್ತಿದ್ದಳು. ನನಗೆ ಸಾಲಲಿಲ್ಲ. ಕಾಲು ಇನ್ನೂ ಸ್ವಲ್ಪ ಮೇಲೆ, ಕೈ ಇನ್ನೂ ಮೇಲೆ ಎಂದೆ. ಎರಡನೆಯದು ತೆಗೆಯುವಷ್ಟರಲ್ಲಿ ಅವಳು ಮೊಬೈಲಿನ ಪರದೆಯಲ್ಲಿ ಇರಲಿಲ್ಲ. ಹೊಟ್ಟೆಗೆ ಪೆಟ್ಟು ಬೀಳದಂತೆ ಎಡಗೈಯನ್ನು ನೆಲಕ್ಕೆ ಕೊಟ್ಟು ಬಿದ್ದಿದ್ದಳು. ಮಣಿಕಟ್ಟು ಮುರಿಯಿತು. ಆ ಕೈಯ ಬಳೆಗಳೆಲ್ಲ ಒಡೆದು ನೆಲದ ತುಂಬ ಹರಡಿದ್ದವು, ಚೂರು ಚುಚ್ಚಿ ರಕ್ತ ಬಂದಿತ್ತು. ಕುಬಸದ ಬಳೆ. ಅಪಶಕುನ ಎಂಬುದೇ ಎಲ್ಲರ ಮನಸ್ಸಿನಲ್ಲೂ ಇತ್ತು.

ಹಾವೇರಿಯ ಆಸ್ಪತ್ರೆಯಲ್ಲಿ ಮಗುವಿನ ಎದೆಬಡಿತ ಸರಿಯಾಗಿದೆ ಎಂದರು. ಒಂದು ದಿನ ಇಟ್ಟುಕೊಂಡು ನೋಡುತ್ತೇವೆ ಎಂದು ಎಡ ಮಗ್ಗುಲಿಗೆ ಮಲಗಿಸಿದರು. ನನ್ನ ಹೆದರಿಕೆ ಆಗ ನಿಂತಿತು. ನಿಲ್ಲದಿದ್ದರೆ ಚೆನ್ನಾಗಿತ್ತೇನೋ — ಹೆದರಿದ್ದಾಗ ಬಾಯಲ್ಲಿ ಖರೆಯೇ ಬರುತ್ತಿತ್ತು. ನೀಲವ್ವನವರು ಬಂದು ಬೆಂಚಿನ ಮೇಲೆ ಪಕ್ಕದಲ್ಲಿ ಕುಳಿತರು. ಬಯ್ಯಲಿಲ್ಲ. ಆಕೆಯನ್ನು ಒಂದು ಕಾಲಿನ ಮೇಲೆ ನಿಲ್ಲಿಸಿದವರು ಯಾರು ಎಂದು ಸಮಾಧಾನದಿಂದಲೇ ಕೇಳಿದರು.

"ಆಕಿನ ನಿಂತ್ಲುರಿ. ಫೋಟೋ ತಗೀರಿ ಅಂತ ಹಟ ಹಿಡಿದ್ಲು. ನಾ ಬ್ಯಾಡ ಅಂದೆ."

ಪರದೆಯ ಆಚೆ ಮೂರು ಮಾರು ದೂರದಲ್ಲಿ ಭಾಗ್ಯಾ ಮಲಗಿದ್ದಳು. ಕೇಳಿಸದೇ ಇರಲು ಸಾಧ್ಯವಿಲ್ಲ. ಬಾಗಿಲಲ್ಲಿ ನಿಂತಿದ್ದ ಮುಮ್ತಾಜ್ ನನ್ನನ್ನೇ ನೋಡಿದಳು, ಮತ್ತೆ ನನ್ನ ತರಗತಿಗೆ ಕಾಲಿಡಲಿಲ್ಲ. ಭಾಗ್ಯಾಳ ಕಡೆಯಿಂದ ಒಂದು ಸದ್ದೂ ಬರಲಿಲ್ಲ. ಅವಳು ನನ್ನ ಮಾನ ಉಳಿಸಿದಳು ಎಂದುಕೊಂಡೆ. ಆರು ವರ್ಷ ಹಾಗೆಯೇ ಅಂದುಕೊಂಡಿದ್ದೆ.

ದಿನ ತುಂಬಿ ಹೆಣ್ಣು ಮಗು ಹುಟ್ಟಿತು, ಗಟ್ಟಿಯಾಗಿತ್ತು. ಆದರೆ ಆ ಮನೆಯಲ್ಲಿ ಭಾಗ್ಯಾಳಿಗೆ ಫೋಟೋ ಹುಚ್ಚಿನಾಕೆ ಎಂಬ ಹೆಸರು ಬಿತ್ತು. ಹೊಟ್ಟೆಯಲ್ಲಿ ಕೂಸು ಇಟ್ಟುಕೊಂಡು ಕುಣಿದಳಂತೆ, ಕುಬಸದ ಬಳೆ ಒಡೆದುಕೊಂಡಳಂತೆ ಎಂದು ನೆಂಟರಲ್ಲೆಲ್ಲ ಆಯಿತು. ಅವಳು ತರಗತಿಗೆ ಬರುವುದು ಅಲ್ಲಿಗೆ ನಿಂತಿತು. ಮಗುವಿಗೆ ನೆಗಡಿಯಾದರೂ ಆ ದಿನದ ಮಾತು ಎತ್ತುತ್ತಿದ್ದರಂತೆ. ನಾನೂ ಬ್ಯಾಡಗಿಗೆ ಹೋಗುವುದು ಬಿಟ್ಟೆ, ಬಸ್ಸಿನ ಓಡಾಟ ಆಗುವುದಿಲ್ಲ ಎಂದು ಎಲ್ಲರಿಗೂ ಹೇಳಿದೆ.

ಇನ್ನೊಂದಿದೆ. ಇದನ್ನು ಬಿಟ್ಟರೆ ಮೇಲಿನದೆಲ್ಲ ಬರೆದೂ ಪ್ರಯೋಜನವಿಲ್ಲ. ಆ ಮೊದಲ ಫೋಟೋವನ್ನು ನಾನು ಅಳಿಸಲಿಲ್ಲ. ಫ್ಲೆಕ್ಸ್ ಮಾಡಿಸಿದೆ. ರಾಣೆಬೆನ್ನೂರಿನಲ್ಲಿ ಅವಳನ್ನು ಯಾರು ಬಲ್ಲರು ಎಂದು, 'ಗರ್ಭಿಣಿಯರಿಗೆ ಸುರಕ್ಷಿತ ಯೋಗ' ಎಂದು ದೊಡ್ಡ ಅಕ್ಷರದಲ್ಲಿ ಬರೆಸಿ ಬಸ್ ನಿಲ್ದಾಣದ ರಸ್ತೆಗೆ ಕಟ್ಟಿಸಿದೆ. ಎರಡು ವರ್ಷ ಅಲ್ಲಿತ್ತು. ಹಸಿರು ಬಿಸಿಲಿಗೆ ಬಿಳಿಚಿದ ಮೇಲೆ ಬಿಚ್ಚಿ ತಂದು ನನ್ನ ಸ್ಕೂಟಿಗೆ ಮುಸುಕು ಹಾಕಿದೆ.

ಹೋದ ತಿಂಗಳು ಒಂದು ಮಧ್ಯಾಹ್ನ ಗೊತ್ತಿಲ್ಲದ ನಂಬರಿನಿಂದ ಫೋನು ಬಂತು. ಭಾಗ್ಯಾ. ಎರಡನೇ ಬಸುರು, ಐದು ತಿಂಗಳು. ದನಿ ತಗ್ಗಿಸಿ ಮಾತಾಡುತ್ತಿದ್ದಳು. ಸೊಂಟ ಬಹಳ ನೋಯುತ್ತಿದೆ, ಅತ್ತೆ ಗುಡಿಗೆ ಹೋದಾಗ ಮಾಳಿಗೆಯ ಮೇಲೆ ಮೆಣಸಿನಕಾಯಿ ಚೀಲದ ಮರೆಯಲ್ಲಿ ಮೊಬೈಲು ನೋಡಿ ಏನೇನೋ ಮಾಡುತ್ತಿದ್ದೇನೆ, ಕೇಳಲು ಬೇರೆ ಯಾರೂ ಇಲ್ಲ ಎಂದಳು. ಏನು ಮಾಡುತ್ತೀ ಎಂದು ಕೇಳಿದೆ. ಬೆನ್ನ ಮೇಲೆ ಮಲಗಿ, ಉಸಿರು ಹಿಡಿದು, ಎರಡೂ ಕಾಲು ಎತ್ತಿ — ಅಷ್ಟಕ್ಕೇ ಅವಳನ್ನು ತಡೆದೆ. ಡಾಕ್ಟರಿಗೆ ಹೇಳಿದೆಯಾ ಎಂದೆ.

"ಹೆಂಗ ಹೇಳ್ಲಿರಿ. ಅತ್ತಿನೂ ಒಳಗ ಬರ್ತಾರ. ಯೋಗದ ಹೆಸರ ಎತ್ತೂಹಂಗಿಲ್ರಿ ನಮ್ಮ ಮನ್ಯಾಗ."

ಮೊದಲು ಅದನ್ನು ನಿಲ್ಲಿಸು ಎಂದೆ. ಎಡಕ್ಕೆ ಮಗ್ಗುಲಾಗು, ಡಾಕ್ಟರನ್ನು ಕೇಳದೆ ಏನೂ ಮಾಡಬೇಡ ಎಂದೆ — ಆರು ವರ್ಷದ ಹಿಂದೆ ಅವಳೇ ನನಗೆ ಒಪ್ಪಿಸಿದ ಪಾಠವನ್ನು ಅವಳಿಗೇ ಒಪ್ಪಿಸಿದೆ. ಫೋನಿಟ್ಟ ಮೇಲೆ ತಿಳಿಯಿತು. ಅವಳು ಕದ್ದು ಮಾಡುತ್ತಿರುವುದು ನನ್ನ ಸುಳ್ಳಿನಿಂದ. ಈ ಸಲ ಬಿದ್ದರೆ ನೋಡಲೂ ಯಾರೂ ಇರುವುದಿಲ್ಲ.

ಮರುದಿನ ಮುಂಜಾನೆಯ ಬಸ್ಸಿಗೆ ಬ್ಯಾಡಗಿಗೆ ಹೋದೆ. ನೀಲವ್ವನವರು ಅಂಗಳದಲ್ಲಿ ಕುಳಿತು ಮೆಣಸಿನಕಾಯಿಯ ತೊಟ್ಟು ಮುರಿಯುತ್ತಿದ್ದರು. ಗುರುತು ಹಿಡಿದು ಕುರ್ಚಿ ಹಾಕಿಸಿದರು, ಚಹಾಕ್ಕೆ ಇಡಲು ಒಳಗೆ ಕೂಗಿ ಹೇಳಿದರು. ಚಹಾ ಕುಡಿದ ಮೇಲೆ ಹೇಳಿದರೆ ಅದೂ ಒಂದು ಮೋಸವಾಗುತ್ತದೆ ಎನ್ನಿಸಿತು. ಎಲ್ಲವನ್ನೂ ಹೇಳಿದೆ — ಗೋಡೆಯ ಮಾತು, ಬೆಂಚಿನ ಮಾತು, ಫ್ಲೆಕ್ಸಿನದೂ, ಹಿಂದಿನ ದಿನದ ಫೋನಿನದೂ. ಅವರ ಕೈ ನಿಂತಿತು. ಸೊಸೆಯನ್ನು ಕರೆದು, ಇವರು ಹೇಳುವುದು ಖರೆಯೇ, ಖರೆ ಇದ್ದರೆ ನೀನು ಯಾಕೆ ಹೇಳಲಿಲ್ಲ ಎಂದು ಕೇಳಿದರು.

ಭಾಗ್ಯಾ ನನ್ನ ಕಡೆ ನೋಡಲಿಲ್ಲ.

"ಹೇಳಿದ್ದೆರಿ ಅತ್ತಿ. ಅವತ್ತ ಆಸ್ಪತ್ರ್ಯಾಗ ಹೇಳಿದ್ದೆ. ಕಲಿಸಾಕ ಬಂದ ಟೀಚರ್ ಸುಳ್ಳು ಹೇಳ್ತಾರೇನು ಅಂದ್ರಿ ನೀವು."

ನಾನು ಹೊರಟು ಬಂದ ಮೇಲೆ ಹೇಳಿದ್ದಾಳೆ. ನನ್ನ ಮಾನ ಯಾರೂ ಉಳಿಸಿರಲಿಲ್ಲ — ಅವಳ ಮಾತನ್ನು ಯಾರೂ ನಂಬಿರಲಿಲ್ಲ, ಅಷ್ಟೇ. ಫ್ಲೆಕ್ಸೂ ಅವಳಿಗೆ ಗೊತ್ತಿತ್ತು. ಒಮ್ಮೆ ರಾಣೆಬೆನ್ನೂರಿಗೆ ಬಂದಾಗ ಕಂಡಿದ್ದಳಂತೆ. ಅದರಲ್ಲಿ ತಾನು ನಗುತ್ತಿರುವುದನ್ನು ಅತ್ತೆ ನೋಡಿದರೆ ಫೋಟೋ ಹುಚ್ಚು ಎಂಬ ಮಾತು ಗಟ್ಟಿಯಾಗುತ್ತದೆಂದು, ಸೀರೆ ತರುವುದಿದ್ದರೆ ಅವರನ್ನು ಹಾವೇರಿಗೇ ಕರೆದೊಯ್ಯುತ್ತಿದ್ದಳು. ರಾಣೆಬೆನ್ನೂರಿನಲ್ಲಿ ಒಳ್ಳೆಯ ಸೀರೆ ಸಿಗುವುದಿಲ್ಲ ಎನ್ನುತ್ತಿದ್ದಳಂತೆ.

ನೀಲವ್ವನವರು ಎದ್ದು ಕೈ ತೊಳೆದರು. ಸೆರಗಿಗೆ ಒರೆಸಿಕೊಂಡು ನನ್ನ ಮುಂದೆ ಬಂದು ನಿಂತರು. ಏಕೆಂದು ತಿಳಿಯಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು. ನಾನು ಎದ್ದೆ. ನಾನು ಕುಳಿತಿದ್ದ ಕುರ್ಚಿಯನ್ನು ಅವರು ಎಳೆದುಕೊಂಡು ಹೋಗಿ ಪಡಸಾಲೆಯ ಗೋಡೆಗೆ ತಾಗಿಸಿ ಇಟ್ಟರು, ಅಲುಗಾಡುತ್ತದೆಯೇ ಎಂದು ಒತ್ತಿ ನೋಡಿದರು.

"ನಾಳೆ ಡಾಕ್ಟರ್ ಕಡೆ ಹೋಗೂಣು. ಏನೇನು ಕೇಳೂದೈತಿ ನೀನ ಕೇಳು, ನಾ ಹೊರಗ ಕುಂದರ್ತೇನಿ. ಅವ್ರು ಮಾಡು ಅಂದ್ರ ಇಲ್ಲೇ ಮಾಡು, ಇದನ್ನ ಹಿಡಕೊಂಡು."

ಅದು ನನಗೆ ಹೇಳಿದ್ದಲ್ಲ. ಒಳಗೆ ಚಹಾ ಉಕ್ಕಿದ ವಾಸನೆ ಬಂತು, ಯಾರೂ ಹೋಗಿ ಇಳಿಸಲಿಲ್ಲ. ನಾನು ಚಪ್ಪಲಿ ಮೆಟ್ಟಿಕೊಂಡೆ.

ಗೋಡೆಯ ಮೇಲಿನ ಪ್ರಮಾಣಪತ್ರವನ್ನು ಈಗ ಇಳಿಸಿದ್ದೇನೆ. ಬಸುರಿಯರು ಬಂದರೆ, ನನಗೆ ಗೊತ್ತಿಲ್ಲ, ನಿಮ್ಮ ಡಾಕ್ಟರನ್ನು ಕೇಳಿ, ಕಲಿತವರ ಹತ್ತಿರ ಹೋಗಿ ಎನ್ನುತ್ತೇನೆ. ಫ್ಲೆಕ್ಸನ್ನು ಕತ್ತರಿಸಿ ಹಾಕಲು ಹೋದೆ, ಅವಳ ಮುಖದ ಹತ್ತಿರ ಕತ್ತರಿ ಓಡಲಿಲ್ಲ. ಮಡಚಿ ಇಟ್ಟಿದ್ದೇನೆ. ಅದನ್ನು ಏನು ಮಾಡಬೇಕೆಂದು ಅವಳೇ ಹೇಳಬೇಕು, ಕೇಳುವ ಧೈರ್ಯ ನನಗಿನ್ನೂ ಬಂದಿಲ್ಲ.

ಆ ದಿನ ನಾನು ಅಂಗಳ ದಾಟುವಾಗ ಭಾಗ್ಯಾ ಬಾಗಿಲಿನ ತನಕ ಬಂದಿದ್ದಳು. ಎಡಗೈಯ ಮಣಿಕಟ್ಟು ಸ್ವಲ್ಪ ಸೊಟ್ಟಗೆ ಕೂಡಿದೆ, ಆ ಕೈಯಲ್ಲಿ ಎರಡೇ ಬಳೆ ಇದ್ದವು.

"ಅವತ್ತ ಹೇಳಿದ್ರ ಸಾಕಿತ್ರಿ ಟೀಚರ್," ಎಂದಳು.

ಇನ್ನೂ ಟೀಚರ್ ಎಂದೇ ಕರೆದಳು.