ಬರ್ತೇನಿ ಅನ್ನದೆ ಹೋದ ಬಾಳವ್ವ

ಹುಬ್ಬಳ್ಳಿಯ ಬೆಂಗೇರಿಯಲ್ಲಿ ಖಾರ ಕುಟ್ಟುವ ಗಿರಣಿ ಇಟ್ಟುಕೊಂಡಿರುವ ನೀಲಕಂಠಪ್ಪನ ಮೂಗು ಮುಖದ ಶೋಭೆಗೆಂದು ಮಾತ್ರ ಇರುವಂಥದ್ದು. ಕೆಲಸಕ್ಕೆ ಅದು ಎಂದೋ ರಾಜೀನಾಮೆ ಕೊಟ್ಟಿದೆ. ಮೀಸೆ ಮೂಡಿದ ದಿನದಿಂದ ಮೆಣಸಿನಕಾಯಿಯ ಧೂಳಿನಲ್ಲೇ ಉಸಿರಾಡಿ, ಮಲ್ಲಿಗೆಗೂ ಮೋರಿಗೂ ಒಂದೇ ಮರ್ಯಾದೆ ಕೊಡುವ ಯೋಗಿಯ ಸ್ಥಿತಿ ಮುಟ್ಟಿದೆ. ಬೇಸಿಗೆ ಬಂತೆಂದರೆ ವರ್ಷದ ಖಾರ ಕುಟ್ಟಿಸಿಕೊಳ್ಳಲು ಡಬ್ಬಿ ಹಿಡಿದು ಸಾಲು ನಿಂತ ಹೆಂಗಸರು ಸೆರಗನ್ನು ಮೂಗಿಗೆ ಒತ್ತಿಕೊಂಡು ಒಬ್ಬರ ಹಿಂದೊಬ್ಬರು ಸೀನುತ್ತಾರೆ. ಒಳಗೆ ಕೆಂಪು ಮೋಡದ ನಡುವೆ ನಿಂತ ನೀಲಕಂಠಪ್ಪ ಮಾತ್ರ ಬಾಣ ತಾಗದ ಮಹಾರಥಿಯ ಹಾಗೆ ಮೀಸೆ ತಿರುವುತ್ತಾನೆ. ಕೈಲಾಸದ ನೀಲಕಂಠ ವಿಷವನ್ನು ಗಂಟಲಲ್ಲಿ ತಡೆದ. ಬೆಂಗೇರಿಯ ನೀಲಕಂಠ ಗುಂಟೂರು ಮೆಣಸಿನಕಾಯಿಯನ್ನು ಮೂಗಿನಲ್ಲಿ ತಡೆದ. ಯಾರು ಹೆಚ್ಚು ಎಂಬ ವಾದ ಬೇಡ.

ಈ ಮಹಾರಥಿಯನ್ನು ತಡೆದು ನಿಲ್ಲಿಸುವ ತಾಕತ್ತು ಜಗತ್ತಿನಲ್ಲಿ ಒಬ್ಬರಿಗೇ ಇತ್ತು. ಸಂಜೆ ಅವನು ಮನೆಯ ಹೊಸ್ತಿಲಿಗೆ ಬಂದನೋ ಇಲ್ಲವೋ, ಒಳಗಿಂದ ಹೆಂಡತಿ ಬಾಳವ್ವನ ದನಿ ಬರುತ್ತಿತ್ತು: “ನಿಂದರ್ರಿ ಅಲ್ಲೇ! ಹಂಗs ಒಳಗ ಕಾಲಿಟ್ರಿ ಅಂದ್ರ ನೋಡ್ರಿ ಮತ್ತ. ಹಿತ್ತಲದಾಗ ನೀರಿಟ್ಟೇನಿ, ಜಳಕಾ ಮಾಡಿ ಬರ್ರಿ.”

ಈಗ ಆ ದನಿ ಇಲ್ಲ. ಆದರೂ ನೀಲಕಂಠಪ್ಪ ದಿನವೂ ಸಂಜೆ ಹೊಸ್ತಿಲಲ್ಲಿ ನಿಲ್ಲುತ್ತಾನೆ. ಯಾರೂ ತಡೆಯುವುದಿಲ್ಲ. ತಡೆಯುವವರಿಲ್ಲದ ಬಾಗಿಲನ್ನು ದಾಟುವುದು ಇಷ್ಟು ಕಷ್ಟ ಎಂದು ಅವನಿಗೆ ಗೊತ್ತಿರಲಿಲ್ಲ. ಸ್ವಲ್ಪ ಹೊತ್ತು ನಿಂತು, ಖಾರದ ಮೈಯಲ್ಲೇ ಒಳಗೆ ಹೋಗಿ ಕುಳಿತುಬಿಡುತ್ತಾನೆ.

ಆದದ್ದಿಷ್ಟು. ಈ ಸಲದ ಬಿಸಿಲು ಬಿಸಿಲಾಗಿರಲಿಲ್ಲ, ಸೇಡಾಗಿತ್ತು. ಕಾಗೆಗಳು ಕೂಡ ಬಾಯಿ ತೆರೆದುಕೊಂಡು ಕೂಗದೆ ಕುಳಿತಿದ್ದವು. ನೀಲಕಂಠಪ್ಪನ ಮನೆಯ ಹಿಂದೆ ದೊಡ್ಡದೊಂದು ಬಯಲಿದೆ. ಪ್ಲಾಟ್ ಮಾಡಿ, ಕಲ್ಲು ನೆಟ್ಟು, ಮಾಲೀಕರು ಮರೆತ ಜಾಗ. ಮಳೆಗಾಲದಲ್ಲಿ ಸೊಂಟದೆತ್ತರ ಬೆಳೆದ ಹುಲ್ಲು ಬೇಸಿಗೆಯಲ್ಲಿ ಹಾಗೇ ನಿಂತು ಒಣಗುತ್ತದೆ. ಒಂದು ಮೂಲೆಯಲ್ಲಿ ಓಣಿಯ ಕಸ. ಯಾರೋ ಪುಣ್ಯಾತ್ಮರು ಆ ಕಸಕ್ಕೆ ಕಡ್ಡಿ ಗೀರಿದರು. ಬಿಸಿಗಾಳಿ ಅದನ್ನು ಎತ್ತಿಕೊಂಡಿತು. ನಡುಮಧ್ಯಾಹ್ನದಲ್ಲಿ ಬಯಲಿಗೆ ಬಯಲೇ ಚಟಚಟನೆ ಉರಿಯುತ್ತ ಮನೆಗಳ ಕಡೆ ಓಡಿಬಂತು. ಪಕ್ಕದ ಮನೆಯ ಗಾದಿ ಹೊಲಿಯುವ ಶರೀಫಸಾಬ ಅರಳೆಯ ಗಂಟುಗಳನ್ನು ಬೀದಿಗೆ ಎಳೆದು ಹಾಕಿದ. ಅಗ್ನಿಶಾಮಕದ ವಾಹನ ಬಂದು ಬೆಂಕಿಯನ್ನು ಬೇಲಿಯ ಹತ್ತಿರವೇ ಹಿಡಿದು ನಿಲ್ಲಿಸಿತು.

ಬೆಂಕಿ ಹೋಯಿತು, ಹೊಗೆ ಬಾಳವ್ವನ ಎದೆಯಲ್ಲಿ ಉಳಿಯಿತು. ಮೊದಲೇ ದಮ್ಮಿನ ಹೆಂಗಸು. ಆಮೇಲೂ ಸಂಜೆಯಾದರೆ ಒಂದಲ್ಲ ಒಂದು ಕಡೆ ಹುಲ್ಲೋ ಕಸವೋ ಹೊಗೆಯಾಡುತ್ತಲೇ ಇತ್ತು. ಡಾಕ್ಟರು, “ಮಳಿ ಬೀಳೂತನಕ ಹೊಗಿ ಇಲ್ಲದ ಕಡೆ ಇಡ್ರಿ, ಇಲ್ಲಾ ದವಾಖಾನ್ಯಾಗ ಇಡಬೇಕಾಕ್ಕೈತಿ” ಎಂದರು.

ಹೊಗೆ ಇಲ್ಲದ ಕಡೆ ಎಂದರೆ ಧಾರವಾಡ. ಮಾಳಮಡ್ಡಿಯಲ್ಲಿ ಬಾಳವ್ವನ ತಂಗಿಯ ಮನೆ, ಮನೆಯ ಸುತ್ತ ಮಾವು, ಹುಣಸೆ. ತಂಗಿಯ ಗಂಡ ರಾಜಶೇಖರ, ಅಂದರೆ ನೀಲಕಂಠಪ್ಪನ ಷಡ್ಡಕ, ಆ ಗಿಡಗಳನ್ನೂ ಅವುಗಳ ಗಾಳಿಯನ್ನೂ ತಾನೇ ಹುಟ್ಟಿಸಿದವನ ಹಾಗೆ ಮಾತಾಡುವ ಆಸಾಮಿ. ಬಸ್ಸು ಹತ್ತಿದರೆ ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಸಿಗುವ ಧಾರವಾಡ, ಅಂದಿನಿಂದ ನೀಲಕಂಠಪ್ಪನಿಗೆ ಏಳು ಸಮುದ್ರದಾಚೆ ಹೋಯಿತು. ಗಿರಣಿಗೆ ಇದೇ ಸುಗ್ಗಿ, ಬಿಟ್ಟು ಹೋಗುವ ಹಾಗಿಲ್ಲ. ಒಂದು ಭಾನುವಾರ ಹೋದರೆ ಷಡ್ಡಕ ಬಾಗಿಲಲ್ಲೇ ಮೂಗು ಮುಚ್ಚಿಕೊಂಡು, “ಏನ್ ಮಾವಾರ, ಹುಬ್ಬಳ್ಳಿ ಖಾರಾ ಪೂರಾ ಮೈಮ್ಯಾಲೆ ಹೊತ್ಕೊಂಡು ಬಂದೀರಲ್ಲಾ? ಅಕ್ಕಾರಿಗೆ ಕೆಮ್ಮು ಈಗರೆ ಕಡಿಮಿ ಆಗೇತಿ, ದೂರ ಕುಂದರ್ರಿ” ಎಂದ. ಮಹಾರಥಿ ಅಂಗಳದ ಕಟ್ಟೆಯ ಮೇಲೆ ಕುಳಿತು, ಕಿಟಕಿಯೊಳಗಿಂದ ಹೆಂಡತಿಯ ಬಳೆಯ ಸದ್ದು ಕೇಳಿ, ಚಹಾ ಕುಡಿದು ವಾಪಸು ಬಂದ. ಮತ್ತೆ ಹೋಗಲಿಲ್ಲ.

ಆದರೆ ಅವನನ್ನು ಕೊರೆಯುತ್ತಿದ್ದದ್ದು ಇದಲ್ಲ. ಬಾಳವ್ವ ಹೋದ ದಿನದ ಮಾತು.

ನಮ್ಮ ಕಡೆ ಮನೆಯಿಂದ ಹೊರಡುವವರು ಬರೀ ‘ಹೋಗ್ತೇನಿ’ ಅನ್ನುವುದಿಲ್ಲ. ‘ಹೋಗಿ ಬರ್ತೇನಿ’ ಅನ್ನಬೇಕು. ಬರೀ ಹೋಗುವವರು ಒಬ್ಬರೇ, ಅವರನ್ನು ನಾಲ್ಕು ಜನ ಹೊತ್ತುಕೊಂಡು ಹೋಗುತ್ತಾರೆ. ಬಾಳವ್ವ ಸಂತೆಗೆ ಹೊರಟರೂ, ನಲ್ಲಿಯ ಹತ್ತಿರ ಕೊಡ ಇಡಲು ಹೊರಟರೂ, “ಹೋಗಿ ಬರ್ತೇನ್ರಿ” ಎನ್ನದೆ ಹೊಸ್ತಿಲು ದಾಟಿದವಳಲ್ಲ. ಅಂದು ಷಡ್ಡಕ ತಂದ ಆಟೋದಲ್ಲಿ ಕುಳಿತು, ತಲೆ ಹೊರಗೆ ಹಾಕಿ, ಗಂಡನ ಕಡೆ ಕೈ ಚಾಚಿ “ಹೋಗಿ...” ಎಂದಳು. ಅಷ್ಟರಲ್ಲಿ ಕೆಮ್ಮು ಬಂತು. ಇನ್ನೊಮ್ಮೆ “ಹೋಗಿ...” ಎಂದಳು. ಮತ್ತೆ ಕೆಮ್ಮು. ಆಟೋ ಹೊರಟೇ ಹೋಯಿತು. ‘ಬರ್ತೇನಿ’ ಎಂಬುದು ಬರಲೇ ಇಲ್ಲ.

“ಕೆಮ್ಮಿನ್ಯಾಗ ನುಂಗಿರಬೇಕರಿ ಅಣ್ಣಾ,” ಎಂದು ಶರೀಫಸಾಬ ಸಮಾಧಾನ ಹೇಳಿದ.

“ಎರಡ ಸರ್ತಿ ಹೋಗಿ ಅಂದ್ಳೋ. ಎರಡೂ ಸರ್ತಿ ಮುಂದಿಂದು ಬರಲಿಲ್ಲ.”

“ಹಂಗಾರ ಫೋನ್ ಮಾಡಿ ಕೇಳ್ರಿ ವೈನೀನ್ನ.”

“ಏನಂತ ಕೇಳ್ಲಿ? ನೀ ತಿರುಗಿ ಬರ್ತೀಯೋ ಇಲ್ಲೋ ಅಂತನs?”

ಕೇಳುವ ಧೈರ್ಯ ಆ ಮೀಸೆಗೆ ಇರಲಿಲ್ಲ. ದಿನವೂ ಫೋನಿನಲ್ಲಿ ಅವಳು “ಊಟಾ ಆತೇನ್ರಿ?” ಅನ್ನುತ್ತಿದ್ದಳು, ಇವನು “ಆತು” ಅನ್ನುತ್ತಿದ್ದ. ಆಮೇಲೆ ಇಬ್ಬರೂ ಸುಮ್ಮನೆ. ಇವನು ಫೋನನ್ನು ಕಿವಿಗೆ ಒತ್ತಿಕೊಂಡು ಅವಳ ಉಸಿರು ಕೇಳುತ್ತಿದ್ದ. ಗಿರಣಿಯ ಪಟ್ಟಾ ಜಾರುತ್ತಿದ್ದರೆ ಬೀದಿಯ ಆಚೆಯಿಂದಲೇ ಗುರುತು ಹಿಡಿಯುವ ಕಿವಿ ಅದು. ಎದೆಯೊಳಗಿನ ಸಣ್ಣ ಶಿಳ್ಳೆ ಇವತ್ತು ನಿನ್ನೆಗಿಂತ ಕಡಿಮೆಯೋ ಹೆಚ್ಚೋ ಎಂದು ನೋಡಿಕೊಂಡು, “ಆತು, ಫೋನ್ ಇಡ್ಲಿ?” ಅನ್ನುತ್ತಿದ್ದ. ಇಡುತ್ತಿರಲಿಲ್ಲ.

ಹೊಗೆ ನಿಂತರೆ ಬಾಳವ್ವ ಬರುತ್ತಾಳೆ. ಆದ್ದರಿಂದ ನೀಲಕಂಠಪ್ಪ ಅಗ್ನಿಯ ಮೇಲೆ ಯುದ್ಧ ಸಾರಿದ. ಆಯುಧ, ನೀರಲ್ಲಿ ನೆನೆಸಿದ ಗೋಣಿಚೀಲ ಮತ್ತು ಎಲೆ ತುಂಬಿದ ಬೇವಿನ ಟೊಂಗೆ. ಕಿರೀಟ, ಒದ್ದೆ ಟವೆಲ್. ಸೈನ್ಯ, ಶರೀಫಸಾಬ. ಬೆಳಗಿನ ತಂಪಿನಲ್ಲಿ ಇಬ್ಬರೂ ಬಯಲಿಗೆ ಇಳಿದು ಬೇಲಿಯ ಉದ್ದಕ್ಕೂ ಉಳಿದ ಹುಲ್ಲು ಕೊಯ್ದು, ಬೆಂಕಿ ದಾಟದ ಹಾಗೆ ಅಗಲವಾಗಿ ನೆಲ ಕೆರೆದರು. ಕಸಕ್ಕೆ ಕಡ್ಡಿ ಗೀರಲು ಬಂದವರ ಎದುರು ನೀಲಕಂಠಪ್ಪ ಗೋಣಿಚೀಲ ಝಳಪಿಸಿ ನಿಂತ. ಬೀಡಿ ಸೇದುವವರ ಹಿಂದೆ ಹೋಗಿ ತುಂಡು ಆರಿಸಿ ಬಂದ. ಒಂದೇ ತೊಂದರೆ, ಹೊಗೆ ಎಲ್ಲಿಂದ ಬರುತ್ತಿದೆ ಎಂದು ಸೇನಾಪತಿಯ ಮೂಗಿಗೆ ತಿಳಿಯುತ್ತಿರಲಿಲ್ಲ.

“ಶರೀಫಾ, ಇವತ್ತಿನಿಂದ ನೀನs ನನ್ನ ಮೂಗು.”

“ಇಷ್ಟು ದಿನಾ ಗಾದಿ ಹೊಲದ್ನಿ. ಈಗ ಮೂಗಾದ್ನಿ. ಮುಂದ ಏನಾಗಬೇಕೋ ಆ ಅಲ್ಲಾನs ಬಲ್ಲ,” ಎಂದು ಶರೀಫಸಾಬ ಗಾಳಿ ಮೂಸುತ್ತ ಮುಂದೆ ನಡೆದ.

ಓಣಿ ಮೊದಲು ನಕ್ಕಿತು, ಆಮೇಲೆ ಬೈದಿತು, ಕೊನೆಗೆ ಕಸ ಸುಡುವುದನ್ನು ಬಿಟ್ಟಿತು. ಮೇ ತಿಂಗಳಲ್ಲಿ ಗುಡುಗಿ ಒಂದು ಅಡ್ಡ ಮಳೆಯೂ ಬಿತ್ತು. ಬಯಲಿನ ಬೂದಿ ನೆಲಕ್ಕೆ ಕುಳಿತಿತು. ಫೋನಿನ ಶಿಳ್ಳೆ ನಿಂತಿತು. ಡಾಕ್ಟರು, ಒಮ್ಮೆ ಮನೆಗೆ ಹೋಗಿ ನೋಡಿ ಎಂದರಂತೆ.

“ನಾಳೆ ಬರ್ತೇನ್ರಿ,” ಎಂದಳು ಬಾಳವ್ವ.

ಬರ್ತೇನಿ! ಅಂದ ಹಾಗಾಯಿತು. ಆದರೆ ಅದು ಬೇರೆ ಬರ್ತೇನಿ. ಹೋಗುವಾಗ ಅರ್ಧ ಬಿಟ್ಟದ್ದು ಇನ್ನೂ ಬಾಕಿ ಇತ್ತು.

ಮರುದಿನ ನೀಲಕಂಠಪ್ಪ ಗಿರಣಿಗೆ ಬೀಗ ಹಾಕಿದ. ಸುಗ್ಗಿಯಲ್ಲಿ ಬೀಗ! ಮನೆ ಸಾರಿಸಿದ. ಎರಡು ಸಲ ಜಳಕ ಮಾಡಿದ. ಬಿಳಿ ಅಂಗಿ ತೊಟ್ಟ. ಬಾಗಿಲಿಗೆ ಮಾವಿನ ತೋರಣ ಕಟ್ಟಿದ. ಇಷ್ಟರಲ್ಲಿ ಅವನಿಗೆ ಹೊಳೆಯಿತು: ಇಷ್ಟೆಲ್ಲ ಆದದ್ದು ದೃಷ್ಟಿಯಿಂದಲೇ. ಒಳ್ಳೆಯ ಸಂಸಾರಕ್ಕೆ ಯಾರದೋ ಕೆಟ್ಟ ಕಣ್ಣು. ಹೊಸ್ತಿಲಲ್ಲೇ ನಿವಾಳಿಸಿ ಒಳಗೆ ಕರೆದುಕೊಳ್ಳಬೇಕು.

ದೃಷ್ಟಿ ತೆಗೆಯುವ ಲೆಕ್ಕ ಎಲ್ಲರಿಗೂ ಗೊತ್ತಿದ್ದದ್ದೇ. ಉಪ್ಪು, ಸಾಸಿವೆ, ಒಣಮೆಣಸಿನಕಾಯಿ ನಿವಾಳಿಸಿ ಕೆಂಡಕ್ಕೆ ಹಾಕಬೇಕು. ಘಾಟು ಎದ್ದರೆ ದೃಷ್ಟಿ ಇಲ್ಲ. ಮೆಣಸಿನಕಾಯಿ ಉರಿದರೂ ಘಾಟು ಬರಲಿಲ್ಲ ಎಂದರೆ ದೃಷ್ಟಿ ಭಾರೀ ಇದೆ ಎಂದರ್ಥ, ಇನ್ನಷ್ಟು ಹಾಕಬೇಕು.

ಆಟೋ ಬಂತು. ಬಾಳವ್ವ ಇಳಿದಳು, ಹಿಂದೆಯೇ ಷಡ್ಡಕ. ತುಸು ಸೊರಗಿದ್ದಳು, ಕೊರಳು ಸಣ್ಣಗಾಗಿತ್ತು, ಹೊಸ ಇಳಕಲ್ ಸೀರೆ. ನೀಲಕಂಠಪ್ಪನ ಕಣ್ಣು ತುಂಬಿ ಬಂತು. ಅದನ್ನು ಯಾರಾದರೂ ನೋಡುವ ಮೊದಲೇ, “ನಿಂದರ್ ಅಲ್ಲೇ!” ಎಂದು ಗದರಿದ. ಈ ಮಾತನ್ನು ಅವನು ಹೇಳಿದ್ದು ಅದೇ ಮೊದಲು.

“ಅಯ್ಯs, ನನಗs ನಿಂದರ್ ಅಂತೀರಿ?” ಎಂದು ನಕ್ಕಳು.

ಅವನು ನಿವಾಳಿಸಿ, ಹೊಸ್ತಿಲ ಬಳಿಯ ಕೆಂಡಕ್ಕೆ ಹಿಡಿ ಮೆಣಸಿನಕಾಯಿ ಸುರಿದ. ಉಸಿರೆಳೆದು ನೋಡಿದ. ಘಾಟಿಲ್ಲ! ಎಂಥ ಭಯಂಕರ ದೃಷ್ಟಿ ಬಿದ್ದಿರಬೇಕು! ಇನ್ನೊಂದು ಹಿಡಿ ಸುರಿದ. ಘಾಟಿಲ್ಲ. ಬುಟ್ಟಿಯನ್ನೇ ಬೋರಲು ಹಾಕಿದ. ‘ಸಾಕು’ ಎನ್ನಬೇಕಾದ ಅವನ ಮೂಗು ಆ ಹೊತ್ತಿಗೆ ಕಮರಿಪೇಟೆಗೆ ಗಾದಿ ಮುಟ್ಟಿಸಲು ಹೋಗಿತ್ತು.

ಷಡ್ಡಕ ರಾಜಶೇಖರ ಕಣ್ಣುಜ್ಜಿಕೊಳ್ಳುತ್ತ ಗೋಡೆಗೆ ಹಾಯ್ದು, “ಮಾವಾರ! ಕೊಲ್ಲತೀರೇನ್ರಿ!” ಎಂದು ಕೂಗಿದ. ಆಟೋದವನು ಇಳಿದು ಓಡಿದ. ಬಾಳವ್ವ ಸೆರಗು ಬಾಯಿಗೆ ಒತ್ತಿ, ಇನ್ನೊಂದು ಕೈಯನ್ನು ಗಂಡನ ಕಡೆ ಚಾಚಿ, “ಹೊಗಿ...” ಎಂದಳು. ಕೆಮ್ಮು ಬಂತು. “ಹೊಗಿ...” ಎಂದಳು. ಮತ್ತೆ ಕೆಮ್ಮು.

ನೀಲಕಂಠಪ್ಪನ ಕೈಯಿಂದ ಬುಟ್ಟಿ ಬಿತ್ತು. ಅದೇ ಕೈ. ಅದೇ ಮಾತು. ಹೋಗಿ ಅಲ್ಲ, ಹೊಗಿ!

ತೋಯ್ದ ಗೋಣಿಚೀಲ ಕೆಂಡದ ಮೇಲೆ ಎಸೆದು, ಒಂದು ತಂಬಿಗೆ ನೀರು ತಂದು, ಅವಳನ್ನು ಬೀದಿಯ ಆಚೆ ಬೇವಿನ ನೆರಳಿಗೆ ಕರೆದೊಯ್ದು ಕೂರಿಸಿದ. ಬಾಳವ್ವ ಚೀಲದಿಂದ ದಮ್ಮಿನ ಪಂಪು ತೆಗೆದು ಬಾಯಿಗೆ ಹಿಡಿದು ಎಳೆದುಕೊಂಡಳು. ಉಸಿರು ಒಂದು ಹದಕ್ಕೆ ಬರುವ ತನಕ ಅವನು ಅವಳ ಎದೆಯ ಶಿಳ್ಳೆಗೆ ಕಿವಿಗೊಟ್ಟು ಕುಳಿತ.

“ಅವತ್ತ ಆಟೋದಾಗ ಕುಂತಾಗ... ನೀ ಅಂದಿದ್ದು ಇದನs ಏನ?”

“ಮತ್ತೇನ್ರಿ? ನಿಮ್ಮ ಹಿಂದ ಬೇಲ್ಯಾಗ ಹೊಗಿ ಏಳಾಕತ್ತಿತ್ತು. ಹೊಗಿ, ಹೊಗಿ ಅಂತ ತೋರಸಾಕತ್ತೀನಿ, ನೀವು ನಿಂತು ನನಗ ಟಾಟಾ ಮಾಡಾಕತ್ತೀರಿ!”

“ಹಂಗಾರ ಹೋಗಿ ಬರ್ತೇನಿ ಅಂತ ನೀ ಅನ್ನಲೇ ಇಲ್ಲ?”

ಬಾಳವ್ವ ಅವನನ್ನೇ ನೋಡಿದಳು. ಇಷ್ಟು ದಿನ ಅವನು ಫೋನು ಇಡದೆ ಹಿಡಿದುಕೊಂಡಿದ್ದ ಮೌನ ಏನೆಂದು ಅವಳಿಗೆ ಈಗ ತಿಳಿದಿರಬೇಕು. ಅವನ ಬಿಳಿ ಅಂಗಿಯ ಮೇಲೆ ಕುಳಿತ ಬೂದಿಯನ್ನು ಬೆರಳಿನಿಂದ ಜಾಡಿಸಿದಳು.

ಮನೆಯಲ್ಲಿ ಘಾಟು ಗೋಡೆಗೋಡೆಗೆ ಹತ್ತಿತ್ತು. ಒಳಗೆ ಹೋಗುವ ಪ್ರಶ್ನೆಯೇ ಇರಲಿಲ್ಲ. “ದೊಡ್ಡ ಮಳಿ ಹಿಡದಮ್ಯಾಲೆ ಕಳಸ್ತೀನ್ರಿ,” ಎಂದ ಷಡ್ಡಕ. ಈ ಸಲ ಧಾರವಾಡದ ಗಾಳಿಯ ಮಾತೆತ್ತಲಿಲ್ಲ. ಮೂಗು ಒರೆಸಿಕೊಳ್ಳುವುದರಲ್ಲೇ ಅವನಿಗೆ ಸಾಕಾಗಿತ್ತು. ಆಟೋ ಬಂದ ದಾರಿಗೇ ತಿರುಗಿತು. ಬಾಳವ್ವ ಹತ್ತಿ ಕುಳಿತಳು. ಮನೆಯ ಕಡೆ ಒಮ್ಮೆ ನೋಡಿದಳು. ಆಟೋ ಇನ್ನೇನು ಹೊರಡಬೇಕು, “ತಡೀಯಪಾ,” ಎಂದು ನಿಲ್ಲಿಸಿದಳು. ಕಣ್ಣು ಮುಚ್ಚಿ ಉಸಿರು ಒಟ್ಟುಗೂಡಿಸಿಕೊಂಡು, ತಲೆ ಹೊರಗೆ ಹಾಕಿ, ಓಣಿಗೆಲ್ಲ ಕೇಳುವ ಹಾಗೆ ಹೇಳಿದಳು:

“ಹೋಗಿ ಬರ್ತೇನ್ರಿ.”

ಒಂದು ಅಕ್ಷರವೂ ಕೆಮ್ಮಿಗೆ ಹೋಗಲಿಲ್ಲ.

“ಹೂಂ, ಹೋಗಿ ಬಾ,” ಎಂದ ನೀಲಕಂಠಪ್ಪ. ಆಟೋ ತಿರುವಿನಲ್ಲಿ ಮರೆಯಾದ ಮೇಲೂ ಅದನ್ನೇ ಇನ್ನೊಮ್ಮೆ ಮೆಲ್ಲಗೆ ಅಂದ. ಆಮೇಲೆ ಹೊಸ್ತಿಲಿಗೆ ಬಂದು, ಒಳಗೆ ಕಾಲಿಡದೆ ನಿಂತು, ತಿರುಗಿ ಹಿತ್ತಲಿಗೆ ಹೋಗಿ ಮೂರನೆಯ ಸಲ ಜಳಕ ಮಾಡಿದ.