ಹಂಗಾರಕಟ್ಟೆಯ ಬಾವಿಗೆ ನಾನು ಕೊಟ್ಟ ಒಪ್ಪಿಗೆ

೧೯೪೪ರ ಬೇಸಿಗೆ. ಯುದ್ಧ ಇನ್ನೂ ಮುಗಿದಿರಲಿಲ್ಲ. ನಾನು ಬ್ರಹ್ಮಾವರ ಭಾಗಕ್ಕೆ ಹೆಲ್ತ್ ಇನ್ಸ್‌ಪೆಕ್ಟರ್ ಆಗಿದ್ದೆ. ಕಾಲರಾ ಹರಡದಂತೆ ಬಾವಿಗಳಿಗೆ ಬ್ಲೀಚಿಂಗ್ ಪೌಡರ್ ಹಾಕಿಸುವುದು, ನೀರಿನ ಮಾದರಿಯನ್ನು ಮದ್ರಾಸಿನ ಪ್ರಯೋಗಾಲಯಕ್ಕೆ ಕಳುಹಿಸುವುದು ನನ್ನ ಮುಖ್ಯ ಕೆಲಸ.

ಹಂಗಾರಕಟ್ಟೆಯ ಅಳಿವೆಯ ಪಕ್ಕದಲ್ಲಿ ಗುತ್ತಿಗೆದಾರನೊಬ್ಬ ಸೈನ್ಯಕ್ಕೆಂದು ಎಣ್ಣೆಯ ಡ್ರಮ್ಮುಗಳನ್ನು ಇಟ್ಟಿದ್ದ. ಕೂಲಿಗಳಿಗೆ ನೀರು ಬೇಕೆಂದು ತೊಂಬತ್ತು ಅಡಿ ಬೋರಿಂಗ್ ಕೊರೆಸಿದ. ಬಂದದ್ದು ಉಪ್ಪುನೀರು. ಕೆಲಸಕ್ಕೆ ಬಾರದ ಆ ತೂತಿಗೆ ಅವನ ಆಳುಗಳು ಡ್ರಮ್ಮಿನ ತಳದ ಸೀಮೆಎಣ್ಣೆಯನ್ನು ಸುರಿಯತೊಡಗಿದರು. ಇದು ನನಗೆ ಆಗ ಗೊತ್ತಿರಲಿಲ್ಲ.

ಅಲ್ಲಿಂದ ಇಪ್ಪತ್ತು ಮಾರು ದೂರದಲ್ಲಿ ದೋಣಿ ಕಟ್ಟುವ ಶೀನ ಆಚಾರಿಯ ಬಾವಿ. ಅವನ ಹೆಂಡತಿ ಗಿರಿಜೆ ಅದನ್ನು ಬಿಟ್ಟು, ಅರ್ಧ ಮೈಲಿ ದೂರದ ಕೆರೆಯಿಂದ ನೀರು ಹೊರುತ್ತಿದ್ದಳು. ಕೆರೆಯ ನೀರಿನಿಂದಲೇ ಕಾಲರಾ ಬರುತ್ತದೆಂದು ನಾನು ಅವಳನ್ನು ತಡೆದೆ.

"ನಮ್ ಬಾವಿ ನೀರ್ ಚಿಮ್ಣಿ ಎಣ್ಣಿ ವಾಸ್ನಿ ಬತ್ತ್. ಹ್ಯಾಂಗ್ ಕುಡೂದ್?" ಎಂದಳು.

"ಅದು ಪೌಡರಿನ ವಾಸನೆ."

"ಪೌಡರ್ ಹಾಕೂಕ್ ಮುಂಚಿಯೇ ಇದ್ದಿತ್."

ನಾನು ಮಾದರಿ ಕಳುಹಿಸಿದೆ. ರೋಗಾಣುಗಳಿಲ್ಲ, ಕುಡಿಯಲು ಯೋಗ್ಯ ಎಂದು ವರದಿ ಬಂತು. ಅದನ್ನು ಅವರ ಜಗಲಿಯಲ್ಲಿ ನಿಂತು ಗಟ್ಟಿಯಾಗಿ ಓದಿದೆ. ಪ್ರಯೋಗಾಲಯ ನೋಡಿದ್ದು ರೋಗಾಣುಗಳನ್ನು ಮಾತ್ರ. ಎಣ್ಣೆ ಇದೆಯೇ ಎಂದು ನಾನು ಕೇಳಿರಲೇ ಇಲ್ಲ. ಕೆರೆಗೆ ಮುಳ್ಳಿನ ಬೇಲಿಯನ್ನೂ ಹಾಕಿಸಿದೆ. ಗಿರಿಜೆ ಮತ್ತೆ ಮನೆಯ ಬಾವಿಯಿಂದಲೇ ನೀರು ಸೇದತೊಡಗಿದಳು.

ಒಂಬತ್ತನೆಯ ದಿನ ಅವರ ನಾಲ್ಕು ವರ್ಷದ ಮಗಳು ಸುಬ್ಬಿ, ಆಡಿ ದಣಿದು ಬಂದವಳು, ಕೊಡದ ಮೇಲ್ಭಾಗದಿಂದ ಚೊಂಬು ತುಂಬಿಕೊಂಡು ಗಟಗಟನೆ ಕುಡಿದಳು. ಕೆಮ್ಮು ಹತ್ತಿತು, ವಾಂತಿಯಾಯಿತು, ಉಸಿರು ಸಿಕ್ಕಿಹಾಕಿಕೊಂಡಿತು. ಶೀನ ಅವಳನ್ನೆತ್ತಿಕೊಂಡು ಕುಂದಾಪುರದ ಆಸ್ಪತ್ರೆಗೆ ಹೋದ. ಡಾಕ್ಟರು ಮಗುವಿನ ಬಾಯಿ ಮೂಸಿ, "ಎಣ್ಣೆ ಎಲ್ಲಿಂದ ಕುಡಿದಳು?" ಎಂದು ಕೇಳಿದರಂತೆ. ಮೂರನೆಯ ದಿನ ಮಗು ತೀರಿಕೊಂಡಿತು.

ಸುದ್ದಿ ತಿಳಿದು ಓಡಿದೆ. ಬೇಸಿಗೆಗೆ ಬಾವಿಯ ನೀರು ತಳ ಮುಟ್ಟಿ, ಮೇಲೆ ಎಣ್ಣೆ ದಪ್ಪಗೆ ತೇಲುತ್ತಿತ್ತು. ಮೇಲ್ಪದರವನ್ನು ಬಟ್ಟೆಯಲ್ಲಿ ಅದ್ದಿ ಕಡ್ಡಿ ಗೀರಿದೆ. ಬಟ್ಟೆ ಹೊತ್ತಿ ಉರಿಯಿತು. ಗಿರಿಜೆ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಬಯ್ಯಲಿಲ್ಲ.

"ನೀವ್ ಕಾಗ್ದ ಓದಿ ಹೇಳ್ದ್ರಿ. ನಂಗೆ ಓದೂಕ್ ಬತ್ತಿಲ್ಲೆ. ಮೂಗ್ ಮಾತ್ರ ಇತ್ತ್," ಎಂದಳು.

ಬೇಲಿಯನ್ನು ನಾನೇ ಕಿತ್ತೆ. ಕೈಯೆಲ್ಲ ಮುಳ್ಳು ಗೀರಿತು. ವಾಸನೆ ಹಿಡಿದು ಹೋದಾಗ, ಗುತ್ತಿಗೆದಾರನ ಆಳುಗಳು ಆ ತೂತಿಗೆ ಎಣ್ಣೆ ಸುರಿಯುತ್ತಿದ್ದುದು, ಅದು ನೆಲದೊಳಗಿಂದ ಬಾವಿಗೆ ಜಿನುಗಿದ್ದು ತಿಳಿಯಿತು. ವರದಿಯಲ್ಲಿ ಬೋರಿಂಗಿನ ತಪ್ಪನ್ನೂ ನನ್ನ ತಪ್ಪನ್ನೂ ಬರೆದೆ. "ಯುದ್ಧದ ಕೆಲಸ, ಗದ್ದಲ ಬೇಡ," ಎಂದ ಮೇಲಧಿಕಾರಿ ಎರಡನ್ನೂ ಹೊಡೆದುಹಾಕಿದರು. ತೂತಿಗೆ ಮಣ್ಣು ಬಿದ್ದದ್ದು ಯುದ್ಧ ಮುಗಿದ ಮೇಲೆ. ಅಷ್ಟರಲ್ಲಿ ಶೀನ ದಂಪತಿ ಊರು ಬಿಟ್ಟು ತ್ರಾಸಿ ಕಡೆಗೆ ಹೋಗಿದ್ದರು.

ಮುಂದೆ ಯಾವ ಊರಿಗೆ ಹೋದರೂ ಮಾದರಿಯ ಬಾಟಲಿ ತೆಗೆಯುವ ಮೊದಲು ನೀರು ಹೇಗಿದೆ ಎಂದು ಸೇದುವವರನ್ನು ಕೇಳುತ್ತಿದ್ದೆ. ಫಾರಂನಲ್ಲಿ ಅದಕ್ಕೆ ಜಾಗವಿರಲಿಲ್ಲ. ಅವರು ಹೇಳಿದ್ದನ್ನು ಅಂಚಿನಲ್ಲಿ ಬರೆಯುತ್ತಿದ್ದೆ. ಪರೀಕ್ಷೆಯು ನಾವು ಕೇಳಿದ ಪ್ರಶ್ನೆಗೆ ಮಾತ್ರ ಉತ್ತರಿಸುತ್ತದೆ, ಸರಿಯಾದ ಪ್ರಶ್ನೆ ಬಾವಿಕಟ್ಟೆಯಲ್ಲಿ ನಿಂತವರಿಗೆ ಮೊದಲೇ ಗೊತ್ತಿರುತ್ತದೆ. ಇದನ್ನು ಕಲಿತದ್ದಕ್ಕೆ ಬೆಲೆ ತೆತ್ತವನು ನಾನಲ್ಲ.