ಗಾಳದ ಅಂಗಡಿಯಲ್ಲಿ ಹೇಳದ ಜಾಗ

ಮೀನಿನ ಗಾಳ ತರಿಸೋಣವೆಂದು ಬೆಳಿಗ್ಗೆ ಮೊಬೈಲ್ ತೆರೆದರೆ, ‘ನೀವು ಎಲ್ಲಿದ್ದೀರಿ? ಲೊಕೇಶನ್ ಆನ್ ಮಾಡಿ’ ಎಂದಿತು. ಅಪ್ಪ ಇದ್ದಿದ್ದರೆ ಮೊಬೈಲನ್ನೇ ಹೊಳೆಗೆ ಎಸೆಯುತ್ತಿದ್ದ.

ತಾನು ಗಾಳ ಹಾಕುವ ಹೊಳೆಯ ಮಡು ಯಾವುದೆಂದು ಅಪ್ಪ ಯಾರಿಗೂ ಹೇಳುತ್ತಿರಲಿಲ್ಲ. ಕೆ.ಆರ್. ನಗರದ ಗಾಳದ ಅಂಗಡಿಯಲ್ಲಂತೂ ಅವನದು ಬರೀ ಸುಳ್ಳು. ತುಕ್ಕು, ಬೀಡಿ ಹೊಗೆ ಬೆರೆತ ವಾಸನೆಯ ಆ ಅಂಗಡಿಯಲ್ಲಿ ಒಂದು ದಿನ, “ಕೆರೆಗೆ ಕೊಡಣ್ಣ” ಎಂದ. ಅಂಗಡಿಯ ಮುದುಕ ಹೊಳೆಗೆ ಹಾಕುವ ದೊಡ್ಡ ಗಾಳವನ್ನೇ ತೆಗೆದಿಟ್ಟ.

“ನಾನು ಕೆರೆಗೆ ಅಂದ್ನಲ್ಲಣ್ಣ?”

“ಕಾಲ್ಗೆಲ್ಲಾ ಒಳೆ ಮರ್ಳು ಮೆತ್ಕಂಡು ಬಂದು ಕೆರೆಗೆ ಅಂತೀಯಲ್ಲಪ್ಪ!”

ಅಪ್ಪನ ಮುಖ ಕಪ್ಪಿಟ್ಟಿತು. ಅಂದಿನಿಂದ ಅಂಗಡಿಗೆ ಹೋಗುವ ಮೊದಲು ಬೀದಿ ನಲ್ಲಿಯಲ್ಲಿ ತನ್ನ ಕಾಲನ್ನೂ ಜೊತೆಗಿರುತ್ತಿದ್ದ ನನ್ನ ಕಾಲನ್ನೂ ಉಜ್ಜಿ ತೊಳೆಯುತ್ತಿದ್ದ. ಆದರೂ ಮುದುಕ ಹೊಳೆಯ ಗಾಳವನ್ನೇ ಕೊಟ್ಟು ಮೀಸೆಯಡಿ ನಗುತ್ತಿದ್ದ.

“ಬೇರೆ ಅಂಗ್ಡಿಗೆ ಓಗಾನ ಕಣಪ್ಪ” ಎಂದೆ ನಾನು.

“ಒಬ್ಬುನ್ಗೆ ಗೊತ್ತಾಗಿರೋದೇ ಸಾಕು ಕಣವ್ವ. ಊರ್ಗೆಲ್ಲಾ ಯಾಕೆ?”

ಅಪ್ಪನ ಮಡುವಿಗೆ ಈಗ ನಾನು ಹೋಗುತ್ತೇನೆ. ಅಂಗಡಿಯಲ್ಲಿ ಮುದುಕನ ಮಗ ಕೂರುತ್ತಾನೆ. ಅವನ ಕಣ್ಣೂ ಗಿರಾಕಿಯ ಕಾಲಿನ ಮೇಲೆಯೇ.

ಮೊಬೈಲ್ ಇನ್ನೂ ಕೇಳುತ್ತಲೇ ಇತ್ತು. ಅದನ್ನು ಆಫ್ ಮಾಡಿ, ಹಿತ್ತಲಿನ ತೊಟ್ಟಿಯಲ್ಲಿ ಚೆನ್ನಾಗಿ ಕಾಲು ತೊಳೆದುಕೊಂಡು ಅಂಗಡಿಗೆ ಹೊರಟೆ.